ಹಮ್ಮಿಂಗ್‌ಬರ್ಡ್ ಆಕರ್ಷಣ ಶಾಸ್ತ್ರ: ಒಂದು ತ್ರಿತಾಲೂಕು ಭಾಷ್ಯ

ಯಾವ ಶಾಸ್ತ್ರವಾದರೂ ಶುರುವಿನಲ್ಲೇ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಮನೆಯ ಹಿಂದೆ ಐದು ಸೆಂಟ್ಸ್ ಜಾಗವೂ ಸಂಜೆ ನಾಲ್ಕರ ಮೇಲೆ ಬಿಡುವೂ ಇರುವ ಯಾರಾದರೂ ಆದೀತು. ವಿಷಯ, ಹಮ್ಮಿಂಗ್‌ಬರ್ಡ್. ಸಂಬಂಧ, ನ್ಯೂಜೆರ್ಸಿಯಲ್ಲಿರುವ ನನ್ನ ಭಾವನ ಮಗ. ಅವನ ಹಿತ್ತಿಲಿಗೆ ಬರುವ ಮೂರು ಗ್ರಾಮಿನ ಹಕ್ಕಿಯ ವಿಡಿಯೋ ನಮ್ಮ ವಾಟ್ಸಾಪಿಗೆ ಬಂದಲ್ಲಿಂದ ಈ ಸಂಶೋಧನೆ ಹುಟ್ಟಿತು. ಪ್ರಯೋಜನ ಎಂತ ಎಂದು ಅಮ್ಮ ಎರಡು ವರ್ಷದಿಂದ ಕೇಳುತ್ತಿದ್ದಾರೆ. ಆ ಭಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.

ಒಂದು ಸಣ್ಣ ತೊಡಕನ್ನು ಇಲ್ಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಜಗತ್ತಿನಲ್ಲಿ ಹಮ್ಮಿಂಗ್‌ಬರ್ಡ್ ಜಾತಿಗಳು 350ಕ್ಕೂ ಮಿಕ್ಕಿ ಇವೆ. ಅಷ್ಟೂ ಅಮೆರಿಕ ಖಂಡಗಳಲ್ಲೇ ಇವೆ. ಬಂಟ್ವಾಳ, ಬೆಳ್ತಂಗಡಿ, ಈಚೆಗಷ್ಟೇ ತಾಲೂಕಾದ ಮೂಡುಬಿದಿರೆ, ಮೂರನ್ನೂ ಕೂಡಿಸಿ ಲೆಕ್ಕ ಹಾಕಿದರೂ ಮೊತ್ತ ಸೊನ್ನೆ. ಅಲ್ಪರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ವಿದ್ವಾಂಸ ಪುರಾವೆ ಹುಡುಕುತ್ತಾನೆ.

ಪುರಾವೆ ಹುಡುಕಿ ನಾನು ಹೋದದ್ದು ಮೂಡುಬಿದಿರೆಗೆ. 1430ರ ಸುಮಾರಿನ ಸಾವಿರ ಕಂಬದ ಬಸದಿಯ ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಕರಾವಳಿಯ ವ್ಯಾಪಾರ ಅಷ್ಟು ದೂರ ಕೈಚಾಚಿತ್ತು ಎನ್ನುವುದಕ್ಕೆ ಎಲ್ಲರೂ ತೋರಿಸುವ ಕಲ್ಲುಗಳು ಅವು. ಜಿರಾಫೆಗೆ ಜಾಗ ಕೊಟ್ಟವರು ಹೆಬ್ಬೆರಳಷ್ಟು ಹಕ್ಕಿಗೆ ಕೊಡದೆ ಇದ್ದಾರೆಯೇ? ಮಧ್ಯಾಹ್ನದವರೆಗೆ ಬಗ್ಗಿ ನೋಡಿದೆ. ಸಿಕ್ಕಿದ್ದು ಸೊಂಟನೋವು. ತಪ್ಪು ಶಿಲ್ಪಿಯದ್ದಲ್ಲ, ಕೊಲಂಬಸ್ ಅಮೆರಿಕದ ದಿಕ್ಕಿಗೆ ಹೊರಟದ್ದು 1492ರಲ್ಲಿ. ಬಸದಿ 62 ವರ್ಷ ಮುಂಚಿತವಾಯಿತು, ಅಷ್ಟೆ. ಅತ್ತ ಜರ್ಮನಿಯಲ್ಲಿ ಮೂರು ಕೋಟಿ ವರ್ಷ ಹಳೆಯ ಹಮ್ಮಿಂಗ್‌ಬರ್ಡ್ ಪಳೆಯುಳಿಕೆ ಸಿಕ್ಕಿದ್ದನ್ನು ಗೆರಾಲ್ಡ್ ಮಾಯರ್ ಎಂಬ ವಿಜ್ಞಾನಿ 2004ರಲ್ಲಿ ಪ್ರಕಟಿಸಿದರು. ಅಂದರೆ ಸಾಗರದ ಈಚೆಯೂ ಈ ಹಕ್ಕಿ ಒಂದು ಕಾಲದಲ್ಲಿ ಇತ್ತು. ಒಂದು ಲೆಕ್ಕದಲ್ಲಿ 62 ವರ್ಷ ಬೇಗ, ಇನ್ನೊಂದರಲ್ಲಿ ಮೂರು ಕೋಟಿ ವರ್ಷ ತಡ. ಸರಾಸರಿ ತೆಗೆಯುವ ಧೈರ್ಯ ನನಗಾಗಲಿಲ್ಲ.

ಇನ್ನು ಬಳ್ಳಿ ಪ್ರಕರಣ. ಹೂಬಳ್ಳಿ ಹಬ್ಬಿಸುವ ವಿಧಾನದ ಬಗ್ಗೆ ನಮ್ಮ ಸೀಮೆಯಲ್ಲಿ ಕಲ್ಲಿನಷ್ಟು ಗಟ್ಟಿಯಾದ ದಾಖಲೆ ಇದೆ. ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿ. 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಕಾಲು ತೋಳುಗಳಿಗೆ ಮಾಧವೀಲತೆ ಸುತ್ತಿಕೊಂಡಿದೆ. ಗೊಬ್ಬರ, ನೀರು, ಚಪ್ಪರ ಒಂದೂ ಇಲ್ಲ. ಕೈಕೊಂಡ ಏಕೈಕ ಕ್ರಮವೆಂದರೆ ಅಲುಗದೆ ನಿಲ್ಲುವುದು. ಈ ಪದ್ಧತಿಯನ್ನು ನಾನೂ ಹಿತ್ತಿಲಲ್ಲಿ ಪ್ರಯೋಗಿಸಿದೆ. ಹನ್ನೊಂದನೇ ನಿಮಿಷಕ್ಕೆ ಕೆಂಪಿರುವೆ ಹತ್ತಿತು.

ಮುಖ್ಯ ವಿಚಾರಕ್ಕೆ ಬರುತ್ತೇನೆ. ಹಮ್ಮಿಂಗ್‌ಬರ್ಡ್ ಎಂದು ನಮ್ಮ ಮೂರು ತಾಲೂಕುಗಳಲ್ಲಿ ಫೋಟೋ ತೆಗೆಯಲ್ಪಡುವ ಜೀವಿಗಳು ಎರಡು. ಮುಸ್ಸಂಜೆ ಹೂವಿನೆದುರು ಗುಂಯ್‌ಗುಟ್ಟುತ್ತ ಗಾಳಿಯಲ್ಲೇ ನಿಲ್ಲುವುದು ಹಕ್ಕಿಯೇ ಅಲ್ಲ, ಉದ್ದ ಸೊಂಡಿಲಿನ ಒಂದು ಪತಂಗ. ಎರಡನೆಯದ್ದು ಸೂರಕ್ಕಿ. ಹಳದಿ ಹೊಟ್ಟೆ, ನೇರಳೆ ಕೊರಳು, ಬಾಗಿದ ಕೊಕ್ಕು. ಸ್ಕೂಟರಿನ ಕನ್ನಡಿಯಲ್ಲಿ ತನ್ನದೇ ಮುಖ ಕಂಡು ಇಡೀ ಬೆಳಗ್ಗೆ ಕುಸ್ತಿಗೆ ಬೀಳುವ ಪೈಲ್ವಾನ. ನಮ್ಮ ಓಣಿಯಲ್ಲಿ ನಾಲ್ಕು ಸ್ಕೂಟರಿನ ಕನ್ನಡಿಗಳಿಗೆ ಹಳೇ ಕಾಲುಚೀಲ ತೊಡಿಸಿರುವುದು ಇವನ ದೆಸೆಯಿಂದ. ಇವನ ದಾಯಾದಿಗಳಲ್ಲಿ ಇನ್ನೂ ಉದ್ದ ಕೊಕ್ಕಿನದ್ದೊಂದಕ್ಕೆ 1750ರ ದಶಕದಲ್ಲಿ ಸಿಲೋನಿನ ಡಚ್ ಗವರ್ನರನಾಗಿದ್ದ ಲೋಟನ್ನನ ಹೆಸರು. ಇಟ್ಟದ್ದು 1766ರಲ್ಲಿ, ಲಿನೇಯಸ್. ಇದನ್ನು ಅಮ್ಮನಿಗೆ ಓದಿ ಹೇಳಿದೆ.

“ಲೋಟನ್ನಾ? ಹಾಗಾದ್ರೆ ಒಂದು ಲೋಟ ಸಕ್ಕರೆನೀರು ಇಟ್ರೆ ಬರ್ತದೋ ಏನೋ” ಎಂದರು.

ಅಮ್ಮ ಅರಿಯದೆಯೇ ಆಧುನಿಕ ಪಕ್ಷಿಶಾಸ್ತ್ರದ ತಿರುಳನ್ನು ಮುಟ್ಟಿದ್ದರು. ಭಾವನ ಮಗ ಡಿಸೆಂಬರಿನಲ್ಲಿ ಬಂದಾಗ ತಂದದ್ದೂ ಅದನ್ನೇ, ಸಕ್ಕರೆನೀರು ತುಂಬಿ ನೇತುಹಾಕುವ ಕೆಂಪು ಪ್ಲಾಸ್ಟಿಕ್ಕಿನ ಬಾಟ್ಲಿ. ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು ಎಂಬ ಅನುಪಾತ ಸಮೇತ. ಜಗಲಿಯ ಸೂರಿಗೆ ತಂತಿ ಬಿಗಿದು ನೇತುಹಾಕಿದೆವು. ಮೊದಲ ದಿನ ಇರುವೆ. ಎರಡನೇ ದಿನ ಇರುವೆಯ ನೆಂಟರಿಷ್ಟರು. ಮೂರನೇ ದಿನ ಕಣಜ. ನಾಲ್ಕನೇ ದಿನ ಅದರೊಳಗೆ ಹುಳಿ ಬಂದು ನೊರೆ ಎದ್ದಿತು. ತಲೆಹೊರೆಗೆ ಬಂದಾತ ಮೂಗರಳಿಸಿ ನನ್ನನ್ನು ಒಂದು ಥರಾ ನೋಡಿದ.

ಸೂರಕ್ಕಿ ಅಷ್ಟೂ ದಿನ ಎಲ್ಲಿತ್ತೆಂದರೆ, ಬಾಳೆಬುಡದಲ್ಲಿ. ಪೂಂಬೆಯ ಒಂದು ಎಸಳು ಬೆಳಗಾಗುವಷ್ಟರಲ್ಲಿ ಬೆನ್ನು ಬಗ್ಗಿಸಿ ಮೇಲಕ್ಕೆ ಸುರುಳಿಕೊಂಡಿರುತ್ತದೆ. ಅದರಡಿಯಲ್ಲಿ ಬೆಣ್ಣೆಬಣ್ಣದ ಹೂಗಳ ಸಾಲು, ಹೂವಿನ ಬುಡದಲ್ಲಿ ಅಂಟಂಟಾದ ಒಂದು ಹನಿ ಜೇನು. ಹಕ್ಕಿ ಪೂಂಬೆಯ ತುದಿಗೆ ತಲೆಕೆಳಗಾಗಿ ಜೋತುಬೀಳುತ್ತದೆ; ಒಂದೊಂದೇ ಹೂವಿಗೆ ಕೊಕ್ಕು ತೂರಿಸುತ್ತದೆ; ಸಾಲು ಮುಗಿದರೆ ಮಗ್ಗುಲು ಬದಲಿಸುತ್ತದೆ. ನಾವು ಮಕ್ಕಳಾಗಿದ್ದಾಗ ಇದೇ ಹೂ ಕಿತ್ತು ಚೀಪುತ್ತಿದ್ದೆವು, ಕೇಪಳದ ಹೂವಿನ ನೂಲೆಳೆದು ನಾಲಗೆಗೆ ತಾಗಿಸುತ್ತಿದ್ದೆವು. ಆ ಲೆಕ್ಕದಲ್ಲಿ ಈ ಹಿತ್ತಿಲಿಗೆ ಬಂದ ಮೊದಲ ಹಮ್ಮಿಂಗ್‌ಬರ್ಡ್ ನಾನೇ. ಬಾಳೆಗೊನೆ ಹಿಡಿದ ಮೇಲೆ ಅಮ್ಮ ಪೂಂಬೆ ಕಡಿದು ಚಟ್ನಿ ಮಾಡುತ್ತಾರೆ. ಸಂಶೋಧನೆಯ ಹಿತದೃಷ್ಟಿಯಿಂದ ಒಂದನ್ನು ಬಿಡಿ ಎಂದು ಬೇಡಿಕೊಂಡೆ. ಹಕ್ಕಿಗೆ ಒಂದು, ಚಟ್ನಿಗೆ ಒಂದು ಎಂಬಲ್ಲಿಗೆ ರಾಜಿಯಾಯಿತು. ದಾಸವಾಳದ ಬಗ್ಗೆ ಮಾತ್ರ ರಾಜಿಯಿಲ್ಲ. ಸೂರಕ್ಕಿ ಅದರ ಬುಡಕ್ಕೇ ಕೊಕ್ಕಿನಿಂದ ತೂತು ಹೊಡೆದು ಜೇನು ಕದಿಯುತ್ತದೆ. ಆದರೆ ಅದಕ್ಕಿಂತ ಮೊದಲೇ, ಐದೂವರೆಯ ನಸುಕಿನಲ್ಲಿ, ಓಣಿಯ ಮೂರು ಮನೆಯವರು ದೇವರ ಹೆಸರಲ್ಲಿ ಗಿಡವನ್ನೇ ಬೋಳಿಸಿರುತ್ತಾರೆ.

ಹಾಗೆಯೇ ಮಾವಿನ ಮರದ ಬಂದಣಿಕೆ. ಮರದ ಸಾರ ಹೀರುವ ಆ ಪೀಡೆಯನ್ನು ಕಡಿಸಬೇಕೆಂದು ಪ್ರತಿ ವರ್ಷ ಹೇಳುತ್ತೇವೆ, ಪ್ರತಿ ವರ್ಷ ಮರೆಯುತ್ತೇವೆ. ಅದರ ನಳಿಗೆಯಂಥ ಹೂಗಳಿಗೆ ಸೂರಕ್ಕಿ ಮುತ್ತಿಕೊಳ್ಳುತ್ತದೆ. ನಾನು ಹಣ ಕೊಟ್ಟು ತಂದ ಗಿಡಕ್ಕಿಂತ ನಾನು ಕಡಿಸದ ಗಿಡಕ್ಕೆ ಹಕ್ಕಿ ಹೆಚ್ಚು ಬಂತು ಎಂಬುದನ್ನು ಪ್ರಬಂಧದಲ್ಲಿ ಸೇರಿಸಬೇಕೋ ಬೇಡವೋ ಎಂದು ಕೆಲವು ದಿನ ಒದ್ದಾಡಿದೆ.

ತಂದ ಗಿಡಗಳ ವಂಶಾವಳಿಯಾದರೂ ಘನವಾದದ್ದು. ಕಾಮಲತೆ ಉಷ್ಣವಲಯದ ಅಮೆರಿಕದ್ದು. ಹೆಲಿಕೋನಿಯಾ ಅಲ್ಲಿಯದ್ದೇ. ಕೆಂಪು ಪಟಾಕಿಯ ಸರದಂತೆ ಜೋಲುವ ರಸೆಲಿಯಾ ಮೆಕ್ಸಿಕೋದ್ದು. ಮೂರೂ ತವರಿನಲ್ಲಿ ಹಮ್ಮಿಂಗ್‌ಬರ್ಡಿಗೆ ಊಟವಿಕ್ಕಿದವು. ಇಲ್ಲಿ ಸೂರಕ್ಕಿಗೆ ಬಡಿಸುತ್ತಿವೆ. ಇದಕ್ಕೆ ಪ್ರತಿಯಾಗಿ ನಾವು ಏನು ಕಳಿಸಿದೆವು? ಪಶ್ಚಿಮ ಘಟ್ಟದ ಕಾಡಿನಲ್ಲಿ ಹಳದಿ-ಕೆಂಗಂದು ಹೂಗಳನ್ನು ಮೊಳದುದ್ದದ ಗೊಂಚಲಾಗಿ ಇಳಿಬಿಡುವ ಒಂದು ಬಳ್ಳಿ ಇದೆ, ತುನ್‌ಬರ್ಜಿಯಾ ಮೈಸೂರೆನ್ಸಿಸ್. ಇಲ್ಲಿ ಅದಕ್ಕೆ ಗಿರಾಕಿಗಳು ಸೂರಕ್ಕಿ ಮತ್ತು ಜೇಡ ಹಿಡಿದು ತಿನ್ನುವ ಉದ್ದಕೊಕ್ಕಿನ ಅದರ ಸೋದರ. ಕ್ಯಾಲಿಫೋರ್ನಿಯಾದವರು ಅದೇ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿ ಹಮ್ಮಿಂಗ್‌ಬರ್ಡ್ ಕರೆಸುತ್ತಾರೆ. ನಮ್ಮ ಬಳ್ಳಿಗೆ ವೀಸಾ ಸಿಕ್ಕಿತು. ನನಗೆ ಎರಡು ಸಲ ಸಿಕ್ಕಲಿಲ್ಲ.

ಹೂವಿನ ಚಾಕರಿಯನ್ನು ಹಕ್ಕಿ ಮಾಡದಿದ್ದರೆ ಮನುಷ್ಯ ಮಾಡಬೇಕಾಗುತ್ತದೆ. ಅದಕ್ಕೂ ಈ ಸೀಮೆಯಲ್ಲೇ ಸಾಕ್ಷಿ ಇದೆ. 2000ದ ಆಚೀಚೆ ನಮ್ಮ ಅಡಿಕೆ ತೋಟಗಳಿಗೆ ಮೆಕ್ಸಿಕೋದ ವೆನಿಲ್ಲಾ ಬಂತು. ಅದಕ್ಕೆ ಪರಾಗ ಮುಟ್ಟಿಸುವ ಅಲ್ಲಿನ ಕೀಟ ಬರಲಿಲ್ಲ. ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಗುಲಾಮ ಹುಡುಗ 1841ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಕಂಡುಹಿಡಿದ ಕೈಚಳಕವನ್ನು ನಮ್ಮ ಕೃಷಿಕರು ಕಲಿತರು. ಹೂ ಅರಳಿದ ಬೆಳಿಗ್ಗೆಯೇ ಕಡ್ಡಿಯಿಂದ ತೆಳು ಪರದೆ ಎತ್ತಿ ಒತ್ತಬೇಕು. ಮಧ್ಯಾಹ್ನಕ್ಕೆ ಹೂ ಬಾಡುತ್ತದೆ. ಎಂಬತ್ತು ಕಿಲೋ ತೂಗುವ ನಮ್ಮ ಮಾವ ಬಳ್ಳಿಯಿಂದ ಬಳ್ಳಿಗೆ ಹಾರಾಡಿದ ಕಾಲ ಅದು. ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಬಂತು, ರಾತ್ರಿ ಕಾವಲಿಗೆ ನಾಯಿ ಬಂತು, ಆಮೇಲೆ ರೇಟು ನೆಲಕಚ್ಚಿತು. ನಾಯಿ ಮಾತ್ರ ಉಳಿಯಿತು.

ಶಬ್ದವಿಚಾರವನ್ನು ಬಾಕಿ ಇಟ್ಟಿದ್ದೆ. ಸೂರಕ್ಕಿಯ ‘ಸೂರ’ ಎಂದರೆ ಸೂರ್ಯ ಎನ್ನುತ್ತಾರೆ. ನನ್ನ ಪಕ್ಷ ಬೇರೆ, ವೈಯಾಕರಣರು ಒಪ್ಪಲಿಕ್ಕಿಲ್ಲ. ಫೆಬ್ರವರಿಯಲ್ಲಿ, ಖಾಲಿ ಬಾಟ್ಲಿ ಬಿಚ್ಚಿದ ಮೇಲೆ ಸೂರಿನಲ್ಲಿ ಉಳಿದಿದ್ದ ತಂತಿಗೆ ಒಂದು ಹೆಣ್ಣು ಸೂರಕ್ಕಿ ಜೇಡರಬಲೆಯ ನೂಲು ಸುತ್ತತೊಡಗಿತು. ನಾರು, ಒಣಗಿದೆಲೆಯ ಚೂರು, ಕಂಬಳಿಹುಳದ ಹಿಕ್ಕೆ, ಎಲ್ಲ ಸೇರಿ ಜೋತುಬಿದ್ದ ಒಂದು ಸಂಚಿಯಾಯಿತು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ, ಮಳೆನೀರು ಒಳಬರದಂತೆ, ಅದರದ್ದೇ ಆದ ಒಂದು ಪುಟ್ಟ ಸೂರು. ಸೂರಿನಡಿಯ ಸೂರಿನ ಹಕ್ಕಿ ಸೂರಕ್ಕಿ.

ಇದನ್ನು ಹೆಂಡತಿಗೆ ವಿವರಿಸಿ, ಗೂಡಿನ ಮೂಲಧಾತು ಜೇಡರಬಲೆಯೆಂದೂ, ನಾನು ಜಗಲಿ ಗುಡಿಸದಿದ್ದದ್ದು ಸಂಶೋಧನೆಯ ಅಂಗವೆಂದೂ ಹೇಳಿದೆ. “ಹೌದಾ? ಹಾಗಾದ್ರೆ ಹದಿನೆಂಟು ವರ್ಷದಿಂದ ಸಂಶೋಧನೆ ನಡೀತಾ ಉಂಟು” ಎಂದಳು.

ಅಷ್ಟರಲ್ಲಿ ಗೇಟಿನಲ್ಲಿ ಗ್ಯಾಸಿನವನು ಸಿಲಿಂಡರ್ ಇಳಿಸಿದ ಸದ್ದಾಯಿತು. ಅಮ್ಮ ಒಳಗಿಂದ ಬರಿಗಾಲಲ್ಲಿ ಓಡಿಬಂದು ಕೈ ಅಡ್ಡ ಹಿಡಿದರು.

“ಮೆಲ್ಲ ಮಾರಾಯಾ! ಒಳಗೆ ಬಾಣಂತಿ ಉಂಟು. ನೀನು ಹಿಂದಿನ ಬಾಗಿಲಿಂದ ಬಾ.”