ಬೆದೆಗೆ ಬಂದ ಕುದುರೆಯ ಗರ್ಭಕೋಶ: ಸ್ಲೈಡ್ ನೋಡುವವರ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ. ಓದದೆ ಕೆಡಿಸಿಕೊಂಡರೆ ನಾವು ಹೊಣೆಯಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ
ಸೂಕ್ಷ್ಮದರ್ಶಕ ಒಂದು, ಸ್ಲೈಡ್ ಒಂದು. ಕುದುರೆ ಇಲ್ಲ. ನಮ್ಮ ಕುಶಾಲನಗರದಲ್ಲಿ ಪ್ರಾಣಿ ಕೇಳಿದರೆ ದುಬಾರೆಯ ಆನೆ ತೋರಿಸಿಯಾರು. ತಳಿ ಕುದುರೆ ಬೇಕೆಂದರೆ ಕುಣಿಗಲ್ ದಾರಿ ಹಿಡಿಯಬೇಕು. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಬೆಳೆಸಿ, ಆಮೇಲೆ ರೇಸ್ ಕುದುರೆಗಳ ತವರಾದ ಜಾಗ ಅದು. ಆ ಟಿಪ್ಪು ಹುಟ್ಟಿದ ಸುದ್ದಿ ತಂದೆ ಹೈದರಾಲಿಗೆ ಮುಟ್ಟಿದ್ದು ಕುಶಾಲನಗರದಲ್ಲೇ, ಆ ಕುಶಾಲಿಗೇ ಈ ಹೆಸರು ಎಂದು ನಮ್ಮೂರವರ ಮಾತು. ಹೆರಿಗೆ ಸುದ್ದಿಯಿಂದ ಹೆಸರು ಪಡೆದೆವು ಅನ್ನುವವರು ಅದರ ಹಿಂದಿನ ಪುಟವನ್ನೂ ಒಮ್ಮೆ ತಿರುವಬೇಕಲ್ಲ.

ಎಚ್ಚರಿಕೆ
1. ಸ್ಲೈಡಿಗಾಗಿ ಗರ್ಭಕೋಶದ ಚೂರು ತೆಗೆಯುವುದು ಪಶುವೈದ್ಯರ ಕೆಲಸ. ಕುದುರೆ ಗಬ್ಬವಾಗಿಲ್ಲ ಎಂದು ಖಚಿತವಾಗದೆ ಇಕ್ಕಳ ಒಳಹೋಗಕೂಡದು.
2. ಹಿಂಗಾಲಿನ ನೇರಕ್ಕೆ ನಿಲ್ಲಬೇಡಿ. ವಿವರಣೆ ಬೇಕಿಲ್ಲ.

ಹಂತ 1: ಕಾಲ ನೋಡಿ
ಕಾಫಿಗಿಡ ಹೂಮಳೆಗೆ ಕಾಯುತ್ತದೆ, ಹೆಣ್ಣುಕುದುರೆ ಬೆಳಕಿಗೆ. ಹಗಲು ಉದ್ದವಾದಂತೆ ಸುಮಾರು 21 ದಿನಗಳ ಸುತ್ತು ಶುರುವಾಗುತ್ತದೆ. ಅದರಲ್ಲಿ ಬೆದೆ 5ರಿಂದ 7 ದಿನ.

ಹಂತ 2: ಕಿತ್ತಳೆ ಹುಡುಕಿ
ಬೆದೆಯಲ್ಲಿ ಗರ್ಭಕೋಶದ ಒಳಮಡಿಕೆಗಳು ನೀರು ತುಂಬಿ ಊದುತ್ತವೆ. ಅಲ್ಟ್ರಾಸೌಂಡ್ ಪರದೆಯ ಮೇಲೆ ಅಡ್ಡ ಕೊಯ್ದ ಕಿತ್ತಳೆಯಂತೆ ಕಾಣುತ್ತದೆ ಎಂದು ಪಠ್ಯಪುಸ್ತಕಗಳೇ ಬರೆಯುತ್ತವೆ. ಯಾವೂರಿನ ಕಿತ್ತಳೆ ಎಂದು ಬರೆದಿಲ್ಲ, ಕೊಡಗಿನದೆಂದು ತಿದ್ದಿಕೊಳ್ಳಿ.

ಹಂತ 3: ಸ್ಲೈಡ್ ಇಡಿ
ಚೂರನ್ನು ಅರಿಸಿನ ನೀರಿನ ಬಣ್ಣದ ಬುವಾನ್ ದ್ರಾವಣದಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಇನ್ನೂರನೇ ಒಂದು ಪಾಲಿನಷ್ಟು ತೆಳ್ಳಗೆ ಕೊಯ್ದು ಬಣ್ಣ ಹಾಕಿದ್ದೇವೆ. ಕೋಶಕೇಂದ್ರ ನೇರಳೆ, ಮಿಕ್ಕದ್ದು ಗುಲಾಬಿ.

ಹಂತ 4: ಮೇಲಿನಿಂದ ಕೆಳಕ್ಕೆ ನೋಡಿ
ಮೇಲಂಚಿನಲ್ಲಿ ಕಂಬ ನಿಲ್ಲಿಸಿದಂತೆ ಎತ್ತರದ ಕೋಶಗಳ ಸಾಲು. ಬೆದೆಯಿಲ್ಲದ ಚಳಿಗಾಲದಲ್ಲಿ ಇವೇ ಕುಗ್ಗಿ ಗಿಡ್ಡ ಡಬ್ಬಿಗಳಾಗುತ್ತವೆ. ಕೆಳಗೆ ಅಲ್ಲಲ್ಲಿ ಖಾಲಿ ಬಿಳಿ ಜಾಗ. ಸ್ಲೈಡ್ ಹರಿದಿದೆ ಎಂದು ದೂರು ತರಬೇಡಿ. ಈಸ್ಟ್ರೋಜೆನ್ ಹಾರ್ಮೋನು ಕರೆಸಿದ ನೀರು ನಿಂತಿದ್ದ ಜಾಗ ಅದು. 2019ರ ಆಗಸ್ಟಿನಲ್ಲಿ ಕಾವೇರಿ ನಮ್ಮ ಬಡಾವಣೆಗಳಿಗೆ ನುಗ್ಗಿದಾಗ ಪಕ್ಕದ ಮನೆಯೂ ದೂರದ ನಡುಗಡ್ಡೆಯಾಗಿತ್ತು. ಸ್ಲೈಡಿನಲ್ಲಿ ಗರ್ಭಕೋಶದ ಗ್ರಂಥಿಗಳೂ ಹಾಗೆಯೇ: ಒಂದರಿಂದೊಂದು ದೂರ ಸರಿದು ನೆಟ್ಟಗೆ ನಿಂತಿವೆ. ಬೆದೆ ಕಳೆದು ನೀರಿಳಿದರೆ ಸುರುಳಿ ಸುತ್ತಿಕೊಂಡು ಒತ್ತೊತ್ತಾಗಿ ಕೂರುತ್ತವೆ.

ತೊಂದರೆ, ಪರಿಹಾರ
*ಬಿಳಿ ರಕ್ತಕಣ ಕಾಣಿಸಿತೇ?* ಸಣ್ಣ ರಕ್ತನಾಳಗಳ ಒಳಗೋಡೆಗೆ ಒರಗಿ ನಿಂತಿದ್ದರೆ ಬೆದೆಯಲ್ಲಿ ಸಹಜ, ಕಾವಲಿಗೆ ಬಂದವು. ನಾಳ ದಾಟಿ ಹೊರಗೆ ಗುಂಪು ಕಟ್ಟಿದ್ದರೆ ಉರಿಯೂತ.
*ಗ್ರಂಥಿಗಳ ಸುತ್ತ ನಾರಿನ ಬೇಲಿ ಎದ್ದಿದೆಯೇ?* ಕ್ಷಮಿಸಿ, ಗರ್ಭಕೋಶದ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ.

ಖಾತರಿ
ಅನ್ನ ಬೆಂದಿತೇ ಎಂದು ಒಂದಗುಳು ಹಿಚುಕಿ ನೋಡುತ್ತೇವೆ. ಹಾಗೆಯೇ ಗರ್ಭಕೋಶದ ಒಂದು ಚೂರಿನಿಂದ ಇಡೀ ಕುದುರೆಗೆ ದರ್ಜೆ ಕೊಡುವ ಕ್ರಮವನ್ನು ಪಶುವೈದ್ಯ ಕೆನ್ನಿ 1978ರಲ್ಲಿ ಪ್ರಕಟಿಸಿದರು. ಮುಂದೆ ಪರಿಷ್ಕರಿಸಿದ ಪಟ್ಟಿಯಂತೆ, ಮೊದಲ ದರ್ಜೆಯ ಕುದುರೆ ಮರಿ ಹಾಕುವ ಸಾಧ್ಯತೆ ನೂರಕ್ಕೆ 80ರಿಂದ 90, ಕೊನೆಯದಕ್ಕೆ 10. ಆದರೆ ಅಗುಳು ಹೇಳುವುದು ಅಡುಗೆಯ ಮಾತು, ಊಟಕ್ಕೆ ಅತಿಥಿ ಬಂದೇ ಬರುತ್ತಾನೆಂದು ಅದು ಹೇಳಲಾರದು. ಹೆರಿಗೆ ಸುದ್ದಿಗೆ 11 ತಿಂಗಳು ಕಾಯಬೇಕು. ಅಲ್ಲಿಯವರೆಗೆ ಯಾವ ಊರಿನ ಹೆಸರನ್ನೂ ಬದಲಿಸಬೇಡಿ.