ನಾಲ್ಕೂವರೆಯ ಕಾರು

ಹಳೇ ಹೈಬ್ರಿಡ್ ಕಾರಿನ ಆಸೆ ಹತ್ತಿದ ಗಂಡಸಿಗೆ ಕೊಳ್ಳುವ ಮೊದಲು ಬ್ಯಾಟರಿಯ ಚಿಂತೆ, ಕೊಂಡ ಮೇಲೆ ಮೈಲೇಜಿನ ಸರಾಸರಿಯ ಚಿಂತೆ. ನನಗೆ ಎರಡೂ ಅಂಟಿಕೊಂಡವು. ಮನೆಯಲ್ಲಿ ಯಾರೂ ಆರೈಕೆ ಮಾಡಲಿಲ್ಲ.

ಮನೆ ಒಂಟಾರಿಯೋದ ಬ್ರಾಂಪ್ಟನ್ನಿನಲ್ಲಿ, ಆಫೀಸು ಸ್ಕಾರ್ಬರೋದಲ್ಲಿ. ನಡುವೆ 401. ಅದನ್ನು ಹೆದ್ದಾರಿ ಎನ್ನುವುದು ಸರ್ಕಾರದ ಧೈರ್ಯ. ಬೆಳಿಗ್ಗೆ ಎಂಟಕ್ಕೆ ಅದು ಉದ್ದನೆಯ ಪಾರ್ಕಿಂಗ್. ಪಕ್ಕದ 407 ಸಲೀಸು, ಆದರೆ ಅದರ ಟೋಲ್ ಬಿಲ್ಲು ಬಂದ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

"ನಿಂತು ನಿಂತು ಹೋಗೋ ರಸ್ತೆಗೇ ಹೈಬ್ರಿಡ್ ಹೇಳಿ ಮಾಡಿಸಿದ್ದು. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿ ತುಂಬ್ಕೊಳ್ಳತ್ತೆ," ಎಂದು ಹೆಂಡತಿಗೆ ಪಾಠ ಮಾಡಿದೆ.

"ನೀವು ಓಡಿಸೋ ಚೆಂದಕ್ಕೆ ಅದು ಉಕ್ಕಿ ಹರಿಯತ್ತೆ ಬಿಡಿ," ಎಂದಳು.

ನಾನು ಕಣ್ಣಿಟ್ಟ ಹೈಬ್ರಿಡ್ ಕಾರು ಪ್ರಿಯಸ್ 1997ರಲ್ಲಿ ಜಪಾನಿನಲ್ಲಿ ಹುಟ್ಟಿದ್ದರಿಂದ ಹಿಡಿದು ಬ್ಯಾಟರಿ ತಂಪಾಗಿಸುವ ಗಾಳಿಕಿಂಡಿ ಹಿಂದಿನ ಸೀಟಿನ ಪಕ್ಕದಲ್ಲಿದೆ ಎಂಬುದರವರೆಗೆ ಎಲ್ಲ ಓದಿಕೊಂಡಿದ್ದೆ. ನೋಡಲು ಹೋದ ಕಾರುಗಳಲ್ಲೆಲ್ಲ ಆ ಕಿಂಡಿಗೆ ಬೆರಳು ತೂರಿಸಿ, ಧೂಳು ಹಿಡಿದು, ಡಾಕ್ಟರಂತೆ ಹುಬ್ಬು ಗಂಟಿಕ್ಕುತ್ತಿದ್ದೆ. ಮಾರುವವರು ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು.

ಅಷ್ಟರಲ್ಲಿ ಇವಳು ಕುಕ್ಕುರುಗಾಲಲ್ಲಿ ಕೂತು ಫೋನಿನ ಟಾರ್ಚನ್ನು ಕಾರಿನ ತಳಕ್ಕೆ ಹಿಡಿದಿರುತ್ತಿದ್ದಳು. ಚಳಿಗಾಲವಿಡೀ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ತಳ ತುಕ್ಕು ಹಿಡಿದು ಕಾರುಗಳು ಸಾಯುವುದು ಅದರಿಂದಲೇ. "ಬ್ಯಾಟರಿ ಬದಲಾಯಿಸ್ಬಹುದು ಕಣ್ರೀ, ತಳ ಬದಲಾಯಿಸಕ್ಕಾಗತ್ತಾ?" ಎಂದಳು. ಮೆಕ್ಯಾನಿಕ್ ಹಣ ತೆಗೆದುಕೊಂಡು ಅದನ್ನೇ ಹೇಳಿದ.

ಒಂಟಾರಿಯೋದಲ್ಲಿ ಮಾಲೀಕರೇ ನೇರವಾಗಿ ಕಾರು ಮಾರುವಾಗ ಅದರ ಮಾಹಿತಿ ಕಟ್ಟೊಂದನ್ನು ಕೊಳ್ಳುವವರಿಗೆ ಕೊಡಬೇಕೆಂದು ಕಾನೂನು. ಹಿಂದಿನ ಮಾಲೀಕರು, ಕಾರಿನ ಮೇಲಿನ ಸಾಲ ಎಲ್ಲ ಅದರಲ್ಲಿರುತ್ತದೆ. ಇವಳು ಅದನ್ನು ಜಾತಕದಂತೆ ಓದಿದಳು. "ಐದು ವರ್ಷಕ್ಕೆ ಮೂರು ಮನೆ ಬದಲಾಯಿಸಿದೆ. ಏನೋ ದೋಷ ಇದೆ, ಬೇಡ." ಕೊನೆಗೆ ಒಬ್ಬನೇ ಮಾಲೀಕನ, ವರ್ಷವರ್ಷ ತಳಕ್ಕೆ ಎಣ್ಣೆ ಹೊಡೆಸಿದ ಬೂದು ಬಣ್ಣದ್ದು ಕೂಡಿಬಂತು.

ಬೆಲೆಯನ್ನು ನಾನು ಗಾಂಧಿ ಬಜಾರಿನ ಶೈಲಿಯಲ್ಲಿ ಎಳೆದೆಳೆದು ಇಳಿಸಿದೆ. ಹೆಸರು ವರ್ಗಾಯಿಸುವ ಕೌಂಟರಿನಲ್ಲಿ ಆ ಪರಾಕ್ರಮ ಗಾಳಿಗೆ ಹೋಯಿತು. 13 ಪರ್ಸೆಂಟ್ ತೆರಿಗೆ, ಅದೂ ನಾನು ಕೊಟ್ಟ ಬೆಲೆ ಅಥವಾ ಸರ್ಕಾರ ಒಪ್ಪುವ ಪುಸ್ತಕದ ಬೆಲೆ, ಎರಡರಲ್ಲಿ ಹೆಚ್ಚಿನದಕ್ಕೆ! ಪುಸ್ತಕದ ಜೊತೆ ಚೌಕಾಸಿ ಮಾಡುವ ವಿದ್ಯೆ ಬಸವನಗುಡಿಯಲ್ಲಿ ಕಲಿಸಿರಲಿಲ್ಲ.

ಮೈಸೂರಿನಿಂದ ಅಪ್ಪ ಫೋನ್ ಮಾಡಿದರು. "ಎಷ್ಟು ಕೊಡತ್ತೋ?"

"ನಾಲ್ಕೂವರೆ ಅಪ್ಪ," ಎಂದೆ ಹೆಮ್ಮೆಯಿಂದ.

"ನಾಲ್ಕೂವರೇನಾ! ನಮ್ಮ ಅಂಬಾಸಿಡರ್ರೇ ಒಂಬತ್ತು ಕೊಡ್ತಿತ್ತಲ್ಲೋ. ವಾಪಸ್ ಮಾಡು."

ಇಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯಿತು ಅಂತ ಅಳೆಯುತ್ತಾರೆ, ನಿಮ್ಮ ಲೆಕ್ಕದಲ್ಲಿ 22 ಎಂದು ಬಿಡಿಸಿ ಹೇಳಿದೆ. "ಅದನ್ನ ಮೊದಲೇ ಹೇಳಕ್ಕೇನು ರೋಗ?" ಎಂದರು. ರೋಗವೇ ಅದು, ಅಪ್ಪ.

ಜನವರಿ ಬಂತು, ಸರಾಸರಿ ಆರು ದಾಟಿತು. ಹೀಟರಿಗೆ ಶಾಖ ಬರುವುದು ಎಂಜಿನ್ನಿನಿಂದಲೇ ಆದ್ದರಿಂದ ಸಿಗ್ನಲ್ಲಿನಲ್ಲಿ ನಿಂತರೂ ಅದು ಗುರ್ರೆನ್ನುತ್ತಲೇ ಇರುತ್ತದೆ. ನಾನು ಮೆಲ್ಲಗೆ ಹೀಟರ್ ಆರಿಸುತ್ತೇನೆ, ಇವಳು ಹಾಕುತ್ತಾಳೆ. ಮಗಳು ಹಿಂದಿನಿಂದ, "ಅಪ್ಪಾ, ಕಾಲು ಮರಗಟ್ಟಿದೆ," ಅನ್ನುತ್ತಾಳೆ. "ಆ ಕಿಂಡಿಗೆ ಕಂಬಳಿ ಅಡ್ಡ ಇಡಬೇಡ ಪುಟ್ಟಿ," ಎಂಬುದು ನನ್ನ ಉತ್ತರ.

ಈಗ ತಾಯಿ ಮಗಳು ಸಂಗೀತದ ಕ್ಲಾಸಿಗೆ ಪಕ್ಕದ ಮನೆಯವರ ಪೆಟ್ರೋಲ್ ವ್ಯಾನಿನಲ್ಲಿ ಬೆಚ್ಚಗೆ ಹೋಗುತ್ತಾರೆ. ಭಾರ ಕಡಿಮೆಯಾಗಿ ನನ್ನ ಸರಾಸರಿ ಐದೂವರೆಗೆ ಇಳಿದಿದೆ.