ಕಲ್ಲು ಹಾಸಿದ್ದು ಯಾರಿಗೆ ಸ್ವಾಮಿ?

"ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ 2018ರ ಹೊತ್ತಿಗೆ ಕಲ್ಲುಹಾಸು ಹಾಕಿದ್ದು ಯಾರಿಗೆ ಸ್ವಾಮಿ?" "ನಡೆಯುವವರಿಗೆ." "ಕಲ್ಲು ಕಿತ್ತುಬಂದದ್ದು?" "ವಾಹನ ಓಡಿ." ಈ ಬೀದಿಗೆ ವಾಹನ ಬೇಕೇ ಎಂಬ ವಾದ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಅಂಗಡಿಯ ಪರ ವಕಾಲತ್ತು ವಹಿಸಿದವರು ಬಿಡಬೇಕಲ್ಲ! "ಕಾರು ನಿಲ್ಲದಿದ್ದರೆ ಗಿರಾಕಿ ಬರೋಲ್ಲ." ಹಾಗಾದರೆ 2020ರ ನವೆಂಬರಿನಿಂದ ವಾರಾಂತ್ಯಕ್ಕೆ ವಾಹನ ತಡೆದಾಗ, ಅದೂ ಕೋವಿಡ್ ಕಾಲದಲ್ಲಿ, ಬೀದಿ ತುಂಬಿದವರು ಯಾರು? "ಸೆಲ್ಫಿಯವರು, ಕೊಳ್ಳುವವರಲ್ಲ." ಇರಬಹುದು, ಅಡ್ಡಾಡುವವರೆಲ್ಲ ಕೊಳ್ಳುವುದಿಲ್ಲ. ಆದರೆ ಅಂಗಡಿಯೆದುರು ದಿನವಿಡೀ ನಿಂತ ಕಾರು ಏನು ಕೊಂಡೀತು? ಒಂದು ಕಾರಿನ ಜಾಗದಲ್ಲಿ ಹತ್ತು ಮಂದಿ ನಿಲ್ಲುತ್ತಾರೆ, ಒಬ್ಬರಾದರೂ ಒಳಗೆ ಬಂದಾರು. "ವಯಸ್ಸಾದವರ ಪಾಡು?" ಇದೊಂದೇ ಗಟ್ಟಿ ಆಕ್ಷೇಪ. ಅವರನ್ನು ಬಾಗಿಲಿಗೇ ಇಳಿಸಲಿ, ಕಾರು ಮುಂದಕ್ಕೆ ಹೋಗಲಿ. ಉಳಿದವರಿಗೆ ಪಕ್ಕದ ಎಂ.ಜಿ. ರಸ್ತೆಗೆ 2011ರಿಂದಲೇ ಮೆಟ್ರೋ ಬರುತ್ತಿದೆ. "ಮೆಟ್ರೋನೇ? ನಾವು ಕಾರಿನವರು ಸ್ವಾಮಿ!"